ಫ್ರಿಜ್ಜಲ್ಲಿ ಇಡಕ್ಕಾಗದ ಬೀಜಗಳು

ಸಾಲುಧೂಪ ಅಂತ ನಮ್ಮ ಘಟ್ಟದ ಕಾಡಿನ ಮರ ಒಂದಿದೆ, ಅದರ ಬೀಜ ನೆಲಕ್ಕೆ ಬಿದ್ದ ಮೇಲೆ ನಿಮ್ಮ ಕೈಲಿ ಜಾಸ್ತಿ ದಿನ ಇರಲ್ಲ. ಇವತ್ತಿನ ಮಾತು ಇಲ್ಲಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಸಸ್ಯೋದ್ಯಾನದಲ್ಲಿ ನಾನು ಇಷ್ಟು ವರ್ಷ ಮಾಡಿದ ಕೆಲಸ ಮುಕ್ಕಾಲು ಪಾಲು ಈ ಒಂದು ವಿಷಯದ ಸುತ್ತಾನೇ ಇದೆ. ಮೇ ಕೊನೆ, ಜೂನ್ ಹೊತ್ತಿಗೆ ಕಾಯಿ ಬಲಿತು ಉದುರತ್ತೆ, ಮೂರು ಹೋಳಾಗಿ ಬಿರಿಯತ್ತೆ, ಮೃಗಶಿರಾ ಮಳೆ ಹಿಡಿದಿದ್ರೆ ಬಿದ್ದ ಜಾಗದಲ್ಲೇ ಬೇರು ಬಿಡತ್ತೆ. ಮಳೆ ತಡ ಆಯ್ತೋ, ಅದೇ ಬೀಜ ಬಿಸಿಲಿಗೆ ಒಣಗಿ ಅಲ್ಲೇ ಸಾಯತ್ತೆ. ಮುಂದಿನ ವರ್ಷದ ತನಕ ಕಾಯ್ಕೊಂಡು ಕೂರೋ ಬೀಜ ಅಲ್ಲ ಅದು.

ಉದ್ಯಾನ ನೋಡಕ್ಕೆ ಬರೋ ಕಾಲೇಜು ಹುಡುಗರು ಒಂದು ಪ್ರಶ್ನೆ ಕೇಳೇ ಕೇಳ್ತಾರೆ, ಸಾರ್ ಇಷ್ಟೊಂದು ಜಾಗ ಇಷ್ಟೊಂದು ಆಳು ಯಾಕೆ, ಎಲ್ಲಾ ಮರದ ಬೀಜ ತಂದು ಫ್ರಿಜ್ಜಲ್ಲಿ ಇಟ್ಬಿಟ್ರೆ ಆಗಲ್ವಾ ಅಂತ. ಒಳ್ಳೆ ಪ್ರಶ್ನೆನೇ. ಭತ್ತ, ರಾಗಿ, ಅವರೆಗೆಲ್ಲ ಹಂಗೆ ಮಾಡಬಹುದು. ದಿಲ್ಲಿಯ ರಾಷ್ಟ್ರೀಯ ಜೀನ್ ಬ್ಯಾಂಕಲ್ಲಿ ಬೀಜ ಚೆನ್ನಾಗಿ ಒಣಗಿಸಿ ಮೈನಸ್ 18 ಡಿಗ್ರಿಲಿ ಇಡ್ತಾರೆ, ನಾರ್ವೆಯ ಸ್ವಾಲ್ಬಾರ್ಡಲ್ಲಿ 2008ರಲ್ಲಿ ಶುರುವಾದ ಬೀಜ ಭಂಡಾರದಲ್ಲೂ ಅಷ್ಟೇ. ಆದ್ರೆ 1973ರಲ್ಲಿ ರಾಬರ್ಟ್ಸ್ ಅನ್ನೋ ವಿಜ್ಞಾನಿ ಬೀಜಗಳನ್ನ ಎರಡು ಗುಂಪು ಮಾಡಿ ತೋರಿಸಿದ್ರು. ಒಣಗಿಸಿದ್ರೂ ಜೀವ ಹಿಡ್ಕೊಂಡಿರೋವು ಒಂದು ಗುಂಪು, ಒಣಗಿಸಿದ್ರೆ ಸಾಯೋವು ಇನ್ನೊಂದು. ನಮ್ಮ ಘಟ್ಟದ ನಿತ್ಯಹರಿದ್ವರ್ಣ ಕಾಡಿನ ಮರಗಳು ಬಹಳಷ್ಟು ಎರಡನೇ ಗುಂಪಿನವು. ಸಾಲುಧೂಪ, ಹೈಗ, ರಾಂಪತ್ರೆ, ಉಪ್ಪಾಗೆ, ಮುರುಗಲು, ಹಲಸು, ಮಾವು ಎಲ್ಲಾ ಇದೇ ಪೈಕಿ. ಒಳಗೆ ತೇವ ಇರಬೇಕು, ತೇವ ಇದ್ರೆ ಮೊಳಕೆ ಬರತ್ತೆ, ಮೊಳಕೆ ಬಂದ್ರೆ ನೆಡಲೇಬೇಕು. ಫ್ರೀಜರಲ್ಲಿ ಇಟ್ರೆ ಒಳಗಿನ ನೀರೇ ಮಂಜುಗಡ್ಡೆಯಾಗಿ ಜೀವಕೋಶ ಹರಿದು ಹಾಕತ್ತೆ.

ನಿಮ್ಮನೆ ಹಿರಿಯರಿಗೆ ಇದು ಗೊತ್ತಿತ್ತು. ಹಲಸಿನ ಬೀಜಕ್ಕೆ ಕೆಮ್ಮಣ್ಣು ಸವರಿ ಮಳೆಗಾಲದ ಸಾರಿಗೆ ಪಲ್ಯಕ್ಕೆ ಅಂತ ಇಡ್ತಿದ್ರಲ್ಲ, ಅದು ತೇವ ಆರದೇ ಇರಲಿ ಅಂತ. ಅದೂ ಎಷ್ಟು ದಿನ, ಒಂದು ಮಳೆಗಾಲ ಅಷ್ಟೇ. ಈಗ ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಲಿ ಬೀಜದ ಭ್ರೂಣ ಮಾತ್ರ ಬಿಡಿಸಿ ಇಡೋ ವಿಧಾನ ಇದೆ, ಕೆಲವು ಜಾತಿಗೆ ಲ್ಯಾಬಲ್ಲಿ ಆಗಿದೆ, ಆದ್ರೆ ಅದಕ್ಕೆ ಬೇಕಾದ ಸಲಕರಣೆ, ದುಡ್ಡು, ಕರೆಂಟು ಎಲ್ಲಾ ಲೆಕ್ಕ ಹಾಕಿದ್ರೆ ಘಟ್ಟದ ಅಷ್ಟೂ ಮರಕ್ಕೆ ಆಗೋ ಮಾತಲ್ಲ. ಹಂಗಾಗಿ ಈ ಮರಗಳ ಬೀಜ ಬ್ಯಾಂಕು ಅಂದ್ರೆ ನಿಂತಿರೋ ಮರಾನೇ. ಆ ಮರ ಇರೋ ಕಾಡು ಉಳಿದ್ರೆ ಸರಿ, ಉಳಿಯಲ್ಲ ಅನ್ನೋ ಅನುಮಾನ ಇದ್ರೆ ಇನ್ನೊಂದು ಜಾಗದಲ್ಲಿ ಅದರ ಮಕ್ಕಳನ್ನ ಬೆಳೆಸಿ ನಿಲ್ಲಿಸಬೇಕು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ತುಂಬಿದಾಗ ಶರಾವತಿ ಕಣಿವೆಯಲ್ಲಿ ಊರುಗಳ ಜೊತೆ ಎಷ್ಟು ಕಾಡು ಮುಳುಗಿತು ಅಂತ ಸಾಗರ, ಹೊಸನಗರದವರಿಗೆ ನಾನು ಹೇಳಬೇಕಾಗಿಲ್ಲ. ಮುಳುಗಡೆ ಊರಿನ ಹೆಸರಾದ್ರೂ ಜನರ ಬಾಯಲ್ಲಿ ಉಳಿದಿದೆ. ಆ ಹೊಳೆದಂಡೆಯ ಮರಗಳ ಸಂತಾನ ಎಲ್ಲಿದೆ ಅಂದ್ರೆ ತೋರಿಸಕ್ಕೆ ಒಂದು ರಿಜಿಸ್ಟರೂ ಇಲ್ಲ. ಇದು ನನಗೆ ಈಗ್ಲೂ ಬಹಳ ಸಂಕಟದ ವಿಷಯ.

ಸಸ್ಯೋದ್ಯಾನ ಅಂದ್ರೆ ನಮ್ಮ ಜನಕ್ಕೆ ಲಾಲ್‌ಬಾಗು. 1760ರಲ್ಲಿ ಹೈದರಾಲಿ ಶುರು ಮಾಡಿದ್ದು, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನ ಆಯ್ತು, ಆಮೇಲೆ 1908ರಲ್ಲಿ ಕ್ರುಂಬಿಗಲ್ ಬಂದ್ರು, ಜರ್ಮನಿಯವರು, ಇಂಗ್ಲೆಂಡಿನ ಕ್ಯೂ ಉದ್ಯಾನದಲ್ಲಿ ಪಳಗಿದವರು. ಬೆಂಗಳೂರಿನ ರಸ್ತೆಲಿ ಒಂದಾದ ಮೇಲೆ ಒಂದು ಮರ ವರ್ಷವಿಡೀ ಹೂ ಬಿಡೋ ಹಂಗೆ ಜೋಡಿಸಿದ್ರು. ಬಹಳ ದೊಡ್ಡ ಕೆಲಸ ಅದು, ನನಗೆ ಅವರ ಬಗ್ಗೆ ತುಂಬಾ ಗೌರವ. ಆದ್ರೆ ಆ ಕಾಲದ ಸಸ್ಯೋದ್ಯಾನಗಳ ಗುರಿ ಬೇರೆ ಇತ್ತು, ಹೊರಗಿನ ಗಿಡ ತಂದು ಇಲ್ಲಿ ಒಗ್ಗಿಸೋದು, ಬೆಳೆಯಾಗಬಹುದಾ ಅಂತ ನೋಡೋದು, ಊರು ಚೆಂದ ಮಾಡೋದು. ಪಕ್ಕದ ಕಾಡಿನ ಗಿಡವನ್ನ ಉದ್ಯಾನಕ್ಕೆ ತಂದು ಕಾಪಾಡಬೇಕಾಗತ್ತೆ ಅಂತ ಅವಾಗ ಯಾರು ತಾನೇ ಅಂದ್ಕೊಂಡಿರ್ತಾರೆ, ಕಾಡು ಅಷ್ಟು ಇತ್ತು. ಆ ಯೋಚನೆ ಗಟ್ಟಿಯಾಗಿದ್ದು ಬಹಳ ಈಚೆಗೆ. ಕೇರಳದ ಪಾಲೋಡಲ್ಲಿ 1979ರಲ್ಲಿ ಉಷ್ಣವಲಯದ ಸಸ್ಯೋದ್ಯಾನ ಶುರುವಾಯ್ತು, 1981ರಲ್ಲಿ ವಯನಾಡಲ್ಲಿ ವೋಲ್ಫ್‌ಗ್ಯಾಂಗ್ ಥಿಯರ್‌ಕಾಫ್ ಅನ್ನೋರು ಗುರುಕುಲ ಸಸ್ಯಧಾಮ ಕಟ್ಟಿದ್ರು. ಅವರೂ ಜರ್ಮನಿಯವರೇ, ಡಿಗ್ರಿಗಿಂತ ಕಣ್ಣು ಕೈ ನಂಬಿ ಘಟ್ಟದ ಆರ್ಕಿಡ್ಡು, ಜರಿಗಿಡ, ಕರ್ಣಕುಂಡಲಗಳನ್ನ ಮಳೆ ಕಾಡಿನ ಅಂಚಲ್ಲೇ ಕೂತು ಬೆಳೆಸಿದವರು. ನಮ್ಮ ಥರದ ಕೆಲಸಗಾರರಿಗೆ ದಾರಿ ತೋರಿಸಿದ್ದು ಅಂದ್ರೆ ಅದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡ್ತೀನಿ. ಮಲೆನಾಡಿಗೆ ಒಂದೇ ಉದ್ಯಾನ ಸಾಲಲ್ಲ. ಆಗುಂಬೆಲಿ ವರ್ಷದ ಮಳೆ 7,000 ಮಿಲಿಮೀಟರ್ ದಾಟತ್ತೆ, ಅಲ್ಲಿಂದ ನೂರು ಕಿಲೋಮೀಟರಿನೊಳಗೆ ಇರೋ ಶಿವಮೊಗ್ಗ ಪೇಟೇಲಿ ಸಾವಿರದ ಆಸುಪಾಸು. ಆಗುಂಬೆಯ ಬಲಗಿ ಮರದ ಸಸಿ ತಂದು ಶಿವಮೊಗ್ಗದ ಪಾರ್ಕಲ್ಲಿ ನೆಟ್ಟು ಪೈಪಲ್ಲಿ ನೀರು ಬಿಟ್ರೆ ಅದು ಬದುಕಿದೆ ಅಂತ ಕಾಣಬಹುದು, ಆದ್ರೆ ಹೂ ಬಿಟ್ಟು ಕಾಯಿ ಕಟ್ಟಿ ಅದರ ಬೀಜದಿಂದ ಸಸಿ ಎದ್ದಾಗ ಮಾತ್ರ ಆ ಜಾತಿ ಅಲ್ಲಿ ಉಳೀತು ಅಂತ ನಾನು ಒಪ್ಪೋದು.

ಸರಿ, ದಿನಾ ಏನು ಮಾಡ್ತೀವಿ ಅಂತ ಹೇಳ್ತೀನಿ. ತೋಟಗಾರಿಕೆ ಓದೋ ಮಕ್ಕಳು ಕೂತಿದ್ದೀರಿ, ನಿಮಗೆ ಕಸಿ, ಗೂಟಿ, ಮಿಸ್ಟ್ ಚೇಂಬರ್ ಎಲ್ಲಾ ಕ್ಲಾಸಲ್ಲಿ ಹೇಳಿಕೊಡ್ತಾರೆ. ನಾನು ಮೊದಲು ಹೇಳೋದು ರಿಜಿಸ್ಟರ್ ಬಗ್ಗೆ. ಒಂದು ಸಸಿ ನಮ್ಮಲ್ಲಿಗೆ ಬಂತು ಅಂದ್ರೆ ಅದಕ್ಕೆ ನಂಬರು, ಬೀಜ ತಂದ ತಾರೀಕು, ಯಾವ ಊರು, ಯಾವ ಕಾನು, ಅಂದ್ರೆ ಊರ ಹತ್ತಿರದ ಯಾವ ದಟ್ಟ ಕಾಡು, ಹಳ್ಳದಿಂದ ಎಷ್ಟು ದೂರ, ತಾಯಿಮರ ಯಾವುದು, ಅಕ್ಕಪಕ್ಕ ಯಾವ ಮರ ಇದ್ವು, ಯಾರು ತೋರಿಸಿದ್ರು, ಇಷ್ಟೂ ಬರೀಬೇಕು. ಬೀಜವನ್ನ ಒಂದೇ ಮರದಿಂದ ಬಾಚಿಕೊಂಡು ಬರಬಾರದು, ದೂರ ದೂರ ಇರೋ ಹತ್ತಾರು ಮರದಿಂದ ಸ್ವಲ್ಪ ಸ್ವಲ್ಪ ತರಬೇಕು, ಕಾಡಿನ ಪಾಲು ಕಾಡಿಗೇ ಬಿಟ್ಟು. ಒಂದೇ ತಾಯಿಯ ಸಾವಿರ ಸಸಿ ಬೆಳೆಸಿದ್ರೆ ನೋಡಕ್ಕೆ ನರ್ಸರಿ ತುಂಬಿರತ್ತೆ, ಆದ್ರೆ ಮುಂದೆ ಅವು ಅವುಗಳಲ್ಲೇ ಪರಾಗ ಹಂಚಿಕೊಂಡು ವಂಶ ಸೊರಗತ್ತೆ.

ಲೇಬಲ್ ಅನ್ನೋದು ಸಣ್ಣ ವಿಷಯ ಅಂದ್ಕೋಬೇಡಿ. ಪೇಂಟಲ್ಲಿ ಬರೆದಿದ್ದು ನಮ್ಮ ಒಂದು ಮಳೆಗಾಲ ತಡೆಯಲ್ಲ, ಮರದ ಹಲಗೆ ಗೆದ್ದಲಿಗೆ. ತೆಳ್ಳಗಿನ ಅಲ್ಯೂಮಿನಿಯಂ ತಗಡಿನ ಮೇಲೆ ಮೊಳೆಯಿಂದ ಕುಟ್ಟಿ ಕುಟ್ಟಿ ನಂಬರು ಮೂಡಿಸಬೇಕು, ತಂತಿ ಸಡಿಲವಾಗಿ ಕಟ್ಟಬೇಕು, ವರ್ಷಕ್ಕೊಂದು ಸಲ ಎಲ್ಲಾ ಮರಕ್ಕೂ ಸುತ್ತು ಹೊಡೆದು ತಂತಿ ಮತ್ತೆ ಸಡಿಲ ಮಾಡಬೇಕು, ಇಲ್ಲಾಂದ್ರೆ ಕಾಂಡ ದಪ್ಪ ಆಗ್ತಾ ಆಗ್ತಾ ತಂತಿಯನ್ನ ನುಂಗಿ ಸಿಪ್ಪೆ ಕತ್ತರಿಸತ್ತೆ. ನಂಬರು ಕಳ್ಕೊಂಡ ಮರ ನೆರಳು ಕೊಡತ್ತೆ, ಹಣ್ಣು ಕೊಡತ್ತೆ, ಆದ್ರೆ ಅದರ ಬೀಜವನ್ನ ಯಾವ ಕಾಡಿಗೆ ವಾಪಸ್ ಕೊಡಬೇಕು ಅಂತ ಹೇಳೋರೇ ಇರಲ್ಲ. ನಾನು ಕೆಲಸಕ್ಕೆ ಸೇರೋ ಹುಡುಗರಿಗೆ ಮೊದಲ ಮಳೆಗಾಲ ಪೂರ್ತಿ ಕೊಡೋದು ಇದೇ ಕೆಲಸ.

ಆಮೇಲೆ ಕಾಡು ಸುತ್ತೋದು. ಕಾಯಿ ಬೀಳೋ ವಾರ ಕ್ಯಾಲೆಂಡರ್ ನೋಡಿ ಗೊತ್ತಾಗಲ್ಲ. ಧೂಪದ ಮರ ಪ್ರತಿ ವರ್ಷ ಒಂದೇ ಥರ ಕಾಯಿ ಬಿಡಲ್ಲ, ಒಂದು ವರ್ಷ ನೆಲ ಕಾಣದ ಹಂಗೆ ಉದುರಿಸತ್ತೆ, ಇನ್ನೊಂದು ವರ್ಷ ನಾಲ್ಕು ಕಾಯಿಗೂ ಗತಿ ಇಲ್ಲ. ಹೂ ಬಿಟ್ಟಾಗಿಂದ ಕಣ್ಣಿಟ್ಟಿರಬೇಕು. ನಮಗೆ ಇದರಲ್ಲಿ ಗುರುಗಳು ಅಂದ್ರೆ ಕಾಡುತ್ಪತ್ತಿ ತರೋ ಹಳ್ಳಿಯವರು, ಅವರು ಮರದ ಹೆಸರು ಹೇಳಿದ ಕೂಡ್ಲೆ ಯಾವ ಗುಡ್ಡದ ಯಾವ ಮಗ್ಗುಲಲ್ಲಿ ಈ ವರ್ಷ ಕಾಯಿ ಇದೆ ಅಂತ ಹೇಳ್ತಾರೆ. ರಾಂಪತ್ರೆ ಬೀಜಕ್ಕೆ ಮಂಗಟ್ಟೆ ಹಕ್ಕಿ ಗೂಡಿನ ಕೆಳಗೆ ಹುಡುಕಿ ಅಂತ ನನಗೆ ಹೇಳಿಕೊಟ್ಟಿದ್ದು ಅಂಥವರೇ. ಹಕ್ಕಿ ಹಣ್ಣು ನುಂಗಿ ಬೀಜಕ್ಕೆ ಸುತ್ತಿಕೊಂಡಿರೋ ಕೆಂಪು ಪದರ, ಅದೇ ಪತ್ರೆ, ಅದನ್ನ ಅರಗಿಸಿಕೊಂಡು ಬೀಜ ಹೊರಗೆ ಹಾಕತ್ತೆ, ಚೆನ್ನಾಗಿ ಬಲಿತ ಬೀಜ, ತಿರುಳು ತೆಗೆಯೋ ಕೆಲಸಾನೂ ಇಲ್ಲ. ಅದೇ ಪತ್ರೆಗೆ ಪೇಟೇಲಿ ರೇಟು ಬಂದಾಗ ಕೆಲವರು ಕಾಯಿ ಬಲಿಯೋ ಮೊದಲೇ ರೆಂಬೆ ಸಮೇತ ಕಡೀತಾರೆ, ಆವಾಗ ಹಕ್ಕಿಗೂ ಇಲ್ಲ, ಬೀಜಾನೂ ಇಲ್ಲ.

ಕಾಡು ಸುತ್ತೋದು ಅಂದಾಗ ಮಂಗನ ಕಾಯಿಲೆ ವಿಷಯ ಹೇಳದೇ ಮುಂದೆ ಹೋಗಲ್ಲ. ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಪತ್ತೆಯಾಗಿದ್ದು, ಉಣುಗಿನಿಂದ ಬರತ್ತೆ, ಡಿಸೆಂಬರಿಂದ ಮೇ ತನಕ ಅದರ ಕಾಲ. ಅಶೋಕ, ಸುರಗಿ, ನಾಗಸಂಪಿಗೆ ಹೂ ನೋಡ್ತೀವಿ ಅಂತ ನಾವು ಒಳಗೆ ಹೋಗೋದೂ ಅದೇ ತಿಂಗಳುಗಳಲ್ಲಿ. ಆರೋಗ್ಯ ಕೇಂದ್ರದಲ್ಲಿ ಕೊಡೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಕೊಂಡು, ಮೈ ತುಂಬಾ ಬಟ್ಟೆ ಹಾಕ್ಕೊಂಡು ಹೋಗಿ, ವಾಪಸ್ ಬಂದ ಮೇಲೆ ಬಿಸಿನೀರು ಸ್ನಾನ ಮಾಡಿ ಬಟ್ಟೆ ಬಿಸಿನೀರಲ್ಲಿ ಒಗೀರಿ. ಮಂಗ ಸತ್ತಿದೆ ಅಂತ ಗೊತ್ತಾದ ಕಾಡಿಗೆ ಆ ವರ್ಷ ಬೀಜಕ್ಕೆ ಹೋಗ್ಲೇಬೇಡಿ. ಮಳೆಗಾಲದ ಉಂಬಳ ಬರೀ ರಕ್ತ ಕುಡಿದು ಬಿಡತ್ತೆ, ಉಣುಗು ಹಂಗಲ್ಲ.

ಈಗ ಉಪ್ಪಾಗೆ. ಈ ಒಂದು ಮರದ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡ್ತೀನಿ, ಯಾಕಂದ್ರೆ ನಮ್ಮ ಕಡೆ ಮನೆ ಬಳಕೆಗೂ ಬೇಕು, ವ್ಯಾಪಾರಕ್ಕೂ ಬೇಕು, ಸಸಿ ಮಾಡೋದು ಮಾತ್ರ ಕಷ್ಟ. ಹಣ್ಣಿನ ಸಿಪ್ಪೆ ಒಣಗಿಸಿ ಅಡುಗೆಗೆ ಹುಳಿಯಾಗಿ ಬಳಸ್ತಾರೆ. ಹಣ್ಣು ಮಳೆಗಾಲದಲ್ಲಿ, ಸಿಪ್ಪೆ ಒಣಗಿಸಕ್ಕೆ ಬಿಸಿಲಿಲ್ಲ, ಒಲೆ ಮೇಲೆ ಹೊಗೆ ಹಾಕಿ ಒಣಗಿಸ್ತಾರೆ, ಅದಕ್ಕೆ ಕಾಡಿನ ಸೌದೆನೇ ಹೋಗತ್ತೆ. ಬೀಜದಿಂದ ಉಪ್ಪಾಗೆ ತುಪ್ಪ ತೆಗೀತಾರೆ, ಹಳೆ ಮನೆಗಳಲ್ಲಿ ದೋಸೆಗೆ ಅದೇ. 1990ರ ದಶಕದಲ್ಲಿ ಇದರ ಸಿಪ್ಪೆಯ ಹುಳಿ ಅಂಶ ಮೈ ತೂಕ ಇಳಿಸತ್ತೆ ಅಂತ ಹೊರದೇಶಕ್ಕೆ ರಫ್ತಾಗಕ್ಕೆ ಶುರುವಾಯ್ತು, ಕಾಡಲ್ಲಿ ಕಾಯಿ ಬಲಿಯಕ್ಕೂ ಬಿಡದೇ ಕೊಯ್ದ್ರು. ಜನಕ್ಕೆ ಆಗ ಸಸಿ ಬೇಕು ಅನ್ನಿಸ್ತು.

ಬೀಜವನ್ನ ಹಂಗೇ ಬಿತ್ತಿದ್ರೆ ಮೊಳಕೆಗೆ ಐದಾರು ತಿಂಗಳು ಬೇಕು. ಅಷ್ಟರಲ್ಲಿ ಇಲಿ ತಿನ್ನತ್ತೆ, ಬೂಷ್ಟು ಹಿಡಿಯತ್ತೆ, ನೀರು ಹಾಕೋನಿಗೂ ಬೇಜಾರು ಬಂದಿರತ್ತೆ. ನಾವು ಮಾಡೋದು ಹೀಗೆ. ಹಣ್ಣಿನೊಳಗಿನ ಹುಳಿ ಲೋಳೆಯನ್ನ ಮರಳಲ್ಲಿ ತಿಕ್ಕಿ ತೊಳೀಬೇಕು, ರಾತ್ರಿಯಿಡೀ ನೀರಲ್ಲಿ ಹಾಕಬೇಕು, ಬೆಳಿಗ್ಗೆ ನೆರಳಲ್ಲಿ ಸ್ವಲ್ಪ ಆರಿದ ಮೇಲೆ ಮೇಲಿನ ಕಂದು ಸಿಪ್ಪೆಯ ಒಂದು ತುದಿಗೆ ಸಣ್ಣ ಚಾಕುವಿನ ಮೊನೆ ತಾಗಿಸಿ ಎಬ್ಬಿಸಿ, ಉಳಿದಿದ್ದನ್ನ ಉಗುರಲ್ಲೇ ಬಿಡಿಸಬೇಕು. ಒಳಗಿನ ಬೀಜಕ್ಕೆ ಗೀರು ಬೀಳಬಾರದು, ಗೀರು ಬಿದ್ದ ಕಡೆಯಿಂದಾನೇ ಕೊಳೆ ಶುರು. ಹಿಂಗೆ ಬಿಡಿಸಿದ ಬೀಜ ಒದ್ದೆ ಮರಳಲ್ಲೋ ತೆಂಗಿನ ನಾರಿನ ಪುಡಿಯಲ್ಲೋ ಇಟ್ರೆ ತಿಂಗಳೊಳಗೇ ಮೊಳಕೆ ಕಾಣತ್ತೆ. ನಮ್ಮ ನರ್ಸರಿ ಹೆಣ್ಮಕ್ಕಳು ಮಾತಾಡ್ತಾ ಮಾತಾಡ್ತಾ ಬುಟ್ಟಿಗಟ್ಟಲೆ ಬಿಡಿಸ್ತಾರೆ, ಒಂದಕ್ಕೂ ಗೀರಿಲ್ಲ. ಆ ಕೈಚಳಕ ಯಾವ ಡಿಗ್ರಿಲೂ ಬರಲ್ಲ, ಅವರಿಗೆ ಕೊಡೋ ಸಂಬಳ ಆ ಕೆಲಸದ ತೂಕಕ್ಕೆ ಎಲ್ಲೂ ಸಮ ಇಲ್ಲ ಅಂತಾನೂ ಇಲ್ಲೇ ಹೇಳ್ತೀನಿ.

ಸಸಿ ಆಯ್ತು, ಅಲ್ಲಿಗೂ ಮುಗೀಲಿಲ್ಲ. ಉಪ್ಪಾಗೆ, ಮುರುಗಲು, ರಾಂಪತ್ರೆ ಇವುಗಳಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಹೂ ಬಿಡೋ ತನಕ ಯಾವುದು ಯಾವುದು ಅಂತ ಗೊತ್ತಾಗಲ್ಲ, ಮುರುಗಲಿಗೆ ಏಳೆಂಟು ವರ್ಷ ಕಾಯಬೇಕು, ಉಪ್ಪಾಗೆಗೆ ಅದಕ್ಕಿಂತ ಜಾಸ್ತಿ. ಅಷ್ಟು ವರ್ಷ ಸಾಕಿ ಅರ್ಧಕ್ಕರ್ಧ ಗಂಡಾದ್ರೆ ರೈತನಿಗೆ ಬೇಸರ ಆಗೋದು ಸಹಜ. ಅದಕ್ಕೇ ಕಸಿ. ಕಸಿಗೆ ಕಡ್ಡಿ ತೆಗೆಯೋವಾಗ ನೋಡಿ, ನೆಟ್ಟಗೆ ಮೇಲಕ್ಕೆ ಹೋಗೋ ಚಿಗುರಿನ ಕಡ್ಡಿ ಕಟ್ಟಿದ್ರೆ ಗಿಡ ನೆಟ್ಟಗೆ ಏಳತ್ತೆ, ಅಡ್ಡ ರೆಂಬೆ ಕಡ್ಡಿ ಕಟ್ಟಿದ್ರೆ ಗಿಡ ಪೊದೆ ಥರ ನೆಲಕ್ಕೆ ಹರಡತ್ತೆ, ಎಷ್ಟು ವರ್ಷ ಆದ್ರೂ ಅದರ ಬುದ್ಧಿ ಬದಲಾಗಲ್ಲ. ಕಡಿಮೆ ಜಾಗದಲ್ಲಿ ಕೈಗೆಟುಕೋ ಹಂಗೆ ಬೇಕು ಅನ್ನೋರು ಬೇಕಂತಾನೇ ಅಡ್ಡ ಕಡ್ಡಿ ಕೇಳ್ತಾರೆ, ಅದೂ ಸರಿನೇ. ಆದ್ರೆ ಬರೀ ಹೆಣ್ಣು ಗಿಡವನ್ನೇ ಕಸಿ ಮಾಡಿ ಹಂಚಿ, ಬೆಟ್ಟದಲ್ಲಿರೋ ಗಂಡು ಮರ ದಂಡ ಅಂತ ಸೌದೆಗೆ ಕಡಿದ್ರೆ ಕಾಯಿ ಕಟ್ಟೋದು ಹೆಂಗೆ. ಉದ್ಯಾನದಲ್ಲಿ ನಾವು ಗಂಡು ಮರಕ್ಕೂ ಅಷ್ಟೇ ಜಾಗ, ಅಷ್ಟೇ ಗೊಬ್ಬರ ಕೊಡ್ತೀವಿ. ಉಪ್ಪಿನಕಾಯಿಗೆ ಹಾಕೋ ಮಾವಿನ ಮಿಡಿ, ಅಪ್ಪೆಮಿಡಿ, ಅದರದೂ ಕಸಿಯ ಕಥೆನೇ. ಹೊಳೆದಂಡೆಯ ಒಂದೊಂದು ಮರದ ಮಿಡಿಗೆ ಒಂದೊಂದು ಪರಿಮಳ, ಜೀರಿಗೆ ಅಪ್ಪೆಯ ಗೊರಟು ನೆಟ್ಟು ಜೀರಿಗೆ ಅಪ್ಪೆನೇ ಬರತ್ತೆ ಅಂತ ನಂಬಕ್ಕಾಗಲ್ಲ. ಸಾಗರ, ಹೊಸನಗರ ಕಡೆ ರೈತರು ಸ್ವಂತ ಆಸಕ್ತಿಯಿಂದ ಕಸಿ ಮಾಡಿ ಇವನ್ನ ಉಳಿಸಿದ್ದಾರೆ, ಆ ವಿಷಯದಲ್ಲಿ ಅವರು ನಮಗಿಂತ ಮುಂದೆ.

ಜೋಗದಿಂದ ಹೊನ್ನಾವರದ ಕಡೆ ಹೋಗೋವಾಗ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ಸಿಗತ್ತೆ. ಅಲ್ಲಿ ರಾಂಪತ್ರೆ ಜಡ್ಡಿ ಅಂತೀವಲ್ಲ, ವರ್ಷವಿಡೀ ನೀರು ನಿಲ್ಲೋ, ನಿಧಾನ ಹರಿಯೋ ಕೆಸರು ಕಾಡು, ಮರದ ಬೇರು ಉಸಿರಾಡಕ್ಕೆ ಅಂತ ಮಂಡಿ ಮಡಚಿದ ಹಂಗೆ ಕೆಸರಿಂದ ಮೇಲೆ ಎದ್ದಿರತ್ತೆ. ಇಂಥ ಜಡ್ಡಿಗಳು ಬಹಳ ಕಡೆ ಹಿಂದೇ ಗದ್ದೆ, ಅಡಿಕೆ ತೋಟ ಆಗಿಹೋಗಿವೆ, ನೀರು ಇರೋ ಜಾಗ ಅಲ್ವಾ. ಈ ಕತ್ತಲೆಕಾನಲ್ಲೇ ಗೇರಿನ ಕುಟುಂಬದ ಒಂದು ಮರ ಸಿಕ್ಕಿ, 2000ದಲ್ಲಿ ಅದಕ್ಕೆ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತ ಹೆಸರಿಟ್ರು. ಯೋಚನೆ ಮಾಡಿ, ದೊಡ್ಡ ಮರ, ಹೆದ್ದಾರಿಯಿಂದ ಅಷ್ಟು ಹತ್ತಿರ, 2000ನೇ ಇಸವಿ ತನಕ ವಿಜ್ಞಾನದ ಲೆಕ್ಕಕ್ಕೇ ಬಂದಿರಲಿಲ್ಲ. ಲೆಕ್ಕಕ್ಕೆ ಬಂದಾಗಲೇ ಅಳಿವಿನಂಚಲ್ಲಿತ್ತು. ಶಿರಸಿಯ ಅರಣ್ಯ ಕಾಲೇಜಿನವರು ಅದರ ಸಸಿ ಬೆಳೆಸಿ ಮತ್ತೆ ಜಡ್ಡಿಗಳಿಗೇ ನೆಡೋ ಕೆಲಸ ಮಾಡಿದ್ದಾರೆ. ಜಡ್ಡಿ ಮರಕ್ಕೆ ಉದ್ಯಾನದಲ್ಲಿ ಜಾಗ ಮಾಡಬೇಕು ಅಂದ್ರೆ ಗುಂಡಿ ತೋಡಿ ನೀರು ನಿಲ್ಲಿಸಿದ್ರೆ ಸಾಲಲ್ಲ, ನಿಂತ ನೀರು ಕೊಳೆಯತ್ತೆ. ಮೇಲಿನ ಹಳ್ಳದಿಂದ ಸಣ್ಣಗೆ ನೀರು ಬಂದು ಇನ್ನೊಂದು ಕಡೆಯಿಂದ ಹೋಗ್ತಾ ಇರಬೇಕು, ಬೇಸಿಗೇಲೂ. ಆ ಒಂದು ತುಂಡು ಜಾಗಕ್ಕೆ ನಾವು ಪಡೋ ಶ್ರಮ ಉಳಿದ ಎಕರೆಗಟ್ಟಲೆ ಜಾಗಕ್ಕೂ ಪಡಲ್ಲ.

ಧೂಪ, ಹೈಗದ ಜಾತಿಯವಕ್ಕೆ ಇನ್ನೊಂದು ಗುಟ್ಟಿದೆ. ಇವುಗಳ ಬೇರಿಗೆ ಒಂಥರಾ ಶಿಲೀಂಧ್ರ ಹೊಂದಿಕೊಂಡಿರತ್ತೆ, ಅದು ಮಣ್ಣಿಂದ ಸಾರ ಎಳೆದು ಕೊಡತ್ತೆ, ಮರ ಅದಕ್ಕೆ ಸಕ್ಕರೆ ಕೊಡತ್ತೆ. ನರ್ಸರಿಯ ಚೀಲಕ್ಕೆ ಬರೀ ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ತುಂಬಿದ್ರೆ ಆ ಶಿಲೀಂಧ್ರ ಎಲ್ಲಿಂದ ಬರಬೇಕು. ತಾಯಿಮರದ ಬುಡದ ದರಗು, ಅಂದ್ರೆ ಉದುರಿದ ಒಣ ಎಲೆ, ಸರಿಸಿ ಕೆಳಗಿನ ಮಣ್ಣು ಒಂದೊಂದು ಹಿಡಿ ತಂದು ಪ್ರತಿ ಚೀಲಕ್ಕೂ ಬೆರೆಸ್ತೀವಿ. ಬೆರೆಸಿದ ಮಡಿಗೂ ಬೆರೆಸದ ಮಡಿಗೂ ಎಲೆ ಬಣ್ಣದಲ್ಲೇ ವ್ಯತ್ಯಾಸ ಕಾಣತ್ತೆ. ನೆರಳೂ ಅಷ್ಟೇ ಮುಖ್ಯ. ಶೇಡ್ ನೆಟ್ ಒಳಗಿಂದ ಎತ್ತಿ ಸೀದಾ ಬಟಾಬಯಲಲ್ಲಿ ನೆಟ್ರೆ ಎಲೆ ಸುಟ್ಟು ಹೋಗತ್ತೆ. ಚೀಲದಲ್ಲಿ ಜಾಸ್ತಿ ವರ್ಷ ಇಟ್ರೆ ಬೇರು ಸುತ್ತಿಕೊಂಡು ಮುಂದೆ ಮರ ಗಾಳಿಗೆ ಬೀಳತ್ತೆ.

ಒಂದು ಬೇಜಾರು ಹೇಳ್ಕೋತೀನಿ. ಒಬ್ಬ ಅಧಿಕಾರಿ ತಪಾಸಣೆಗೆ ಬಂದವರು ಇಲ್ಲಿ ಹೂವೇ ಇಲ್ವಲ್ಲ, ಎಲ್ಲಾ ಹಸಿರೇ, ಜನ ಬರೋದು ಹೆಂಗೆ ಅಂತ ಕೇಳಿದ್ರು. ಅಶೋಕದ ಹೊಸ ಎಲೆ ತಾಮ್ರದ ಬಣ್ಣದಲ್ಲಿ ಗೊಂಚಲಾಗಿ ಜೋತು ಬಿದ್ದಿತ್ತು, ಅದನ್ನ ತೋರಿಸಿ ಈ ಗಿಡಕ್ಕೆ ನೀರು ಹಾಕಿಲ್ಲ, ಬಾಡಿದೆ ಅಂದ್ರು. ಅಶೋಕದ ಚಿಗುರು ಹುಟ್ಟೋದೇ ಹಂಗೆ, ಆಮೇಲೆ ಹಸಿರಾಗಿ ಗಟ್ಟಿಯಾಗತ್ತೆ. ನಾಗಸಂಪಿಗೆ ಚಿಗುರೂ ಕೆಂಪಗೆ ಜೋತಾಡತ್ತೆ. ಮಲೆನಾಡಲ್ಲೇ ಹುಟ್ಟಿ ಬೆಳೆದವರಿಗೂ ಇದು ಗೊತ್ತಿರಲ್ಲ ಅನ್ನೋದು ನನಗೆ ನೋವು. ಗುಲ್‌ಮೊಹರ್ ಮಡಗಾಸ್ಕರಿಂದ ಬಂದಿದ್ದು, ಅಕೇಶಿಯಾ ಆಸ್ಟ್ರೇಲಿಯಾ ಕಡೆಯದ್ದು, ಅವೆರಡನ್ನೂ ನಮ್ಮ ಮಕ್ಕಳು ಗುರುತು ಹಿಡೀತಾರೆ, ಬನದಲ್ಲಿರೋ ಧೂಪ ಗೊತ್ತಿಲ್ಲ. 1950ರಲ್ಲಿ ಶುರುವಾದ ವನಮಹೋತ್ಸವ ಪ್ರತಿ ಜುಲೈಗೂ ಆಗತ್ತೆ, ಬೇಗ ಎತ್ತರ ಆಗೋ ಸಸಿಗೇ ಬೇಡಿಕೆ. ನಮ್ಮ ಸಸಿ ಎರಡು ವರ್ಷ ಮೂರು ವರ್ಷದ್ದು ಅಂದ್ರೆ ಗೇಣುದ್ದ ಇದೆಯಲ್ಲ ಅಂತಾರೆ.

ಈ ಸಸಿಗಳು ಹೋಗಬೇಕಾದ್ದು ಎಲ್ಲಿಗೆ ಅಂದ್ರೆ ತೋಟಕ್ಕೆ ಸೊಪ್ಪು ತರೋ ನಿಮ್ಮ ಸೊಪ್ಪಿನಬೆಟ್ಟಕ್ಕೆ, ನಿಮ್ಮೂರ ಕಾನಿಗೆ, ದೇವರಬನಕ್ಕೆ. ಸೊರಬದ ಕಾನುಗಳ ಬಗ್ಗೆ 1868ರಲ್ಲೇ ಬ್ರಿಟಿಷ್ ಸರ್ಕಾರದ ಅರಣ್ಯಾಧಿಕಾರಿ ಬ್ರಾಂಡಿಸ್ ಬಂದು ನೋಡಿ ವರದಿ ಬರೆದಿದ್ದಾರೆ, ಊರಿನವರು ಕಾಳುಮೆಣಸು, ಬೈನೆ, ನೀರು ಎಲ್ಲಕ್ಕೂ ನಂಬಿಕೊಂಡಿದ್ದ ಕಾಡು ಅವು. ಅಲ್ಲಿ ನೆಡೋರಿಗೆ ನಾನು ಹೇಳೋದು, ಜಾಗ ಬೋಳಿಸಬೇಡಿ. ಸಳ್ಳೆ, ನೇರಳೆ ಪೊದೆ ಇದ್ರೆ ಅದರ ನೆರಳಲ್ಲೇ ಒಂದಡಿ ಗುಂಡಿ ತೆಗೆದು ಆರಿದ್ರಾ ಮಳೇಲಿ ನೆಡಿ, ಸುತ್ತ ದರಗು ಹಾಕಿ, ಮೊದಲ ಎರಡು ಬೇಸಿಗೆ ಬೆಂಕಿ, ದನ ಬರದ ಹಂಗೆ ನೋಡ್ಕೊಳ್ಳಿ. ತೋಟದ ಕೆಳಗಿನ ಹಳ್ಳದ ಅಂಚಿಗೆ ರಾಂಪತ್ರೆ, ಬೆಟ್ಟಕ್ಕೆ ಉಪ್ಪಾಗೆ, ಮುರುಗಲು, ಧೂಪ. ಶಿಕಾರಿಪುರ, ಭದ್ರಾವತಿ ಕಡೆಯವರು ದಯವಿಟ್ಟು ಇವನ್ನ ಕೇಳಬೇಡಿ, ನಿಮ್ಮ ನೆಲಕ್ಕೆ ಹೊನ್ನೆ, ಮತ್ತಿ, ಬೀಟೆ, ತಾರೆ ಇವೆ. ನಿಮ್ಮ ಬೆಟ್ಟದಲ್ಲಿ ಹಳೆ ಧೂಪವೋ ರಾಂಪತ್ರೆಯೋ ಇದ್ರೆ ಹೂ ಬಿಟ್ಟಾಗಲೇ ತಿಳಿಸಿ, ಕಾಯಿ ಬಿದ್ದ ಮೇಲೆ ಅಲ್ಲ. ಫೋಟೋ ಕಳಿಸೋವಾಗ ಹೂವಿನ ಜೊತೆ ಎಲೆಯ ಎರಡೂ ಮಗ್ಗುಲು, ತೊಗಟೆ, ಬುಡ ಕಾಣೋ ಹಂಗೆ ತೆಗೀರಿ, ಬರೀ ತುದಿ ತೆಗೆದ್ರೆ ಗುರುತು ಹಿಡಿಯಕ್ಕಾಗಲ್ಲ. ಬೀಜ ನೀವೇ ಆರಿಸೋದಾದ್ರೆ ಪ್ಲಾಸ್ಟಿಕ್ ಕವರಿಗೆ ತುಂಬಿ ಬಿಸಿಲಲ್ಲಿ ಇಡಬೇಡಿ, ಒದ್ದೆ ಗೋಣಿಚೀಲದಲ್ಲಿ ಸುತ್ತಿ ಅವತ್ತೇ ಇಲ್ಲಾ ಮಾರನೇ ದಿನ ನಮ್ಮ ನರ್ಸರಿಗೆ ತಲುಪಿಸಿ.